ಗಂಟಣ್ಣನ ಬೆಳಗು

ನನ್ನ ಗಂಡನ ಅಣ್ಣನಿಗೆ ಕೆಲಸದ ಕಡೆ ಗಂಟಣ್ಣ ಅಂತ ಹೆಸರು. ಗಂಟು ಮೋರೆಗೂ ಆ ಹೆಸರು ಒಪ್ಪುತ್ತದೆ, ಆದರೆ ಬಂದದ್ದು ಹಗ್ಗದಿಂದ. ಎತ್ತರದ ಕಟ್ಟಡಗಳ ಗಾಜು ಒರೆಸುವುದು ಅಣ್ಣತಮ್ಮಂದಿರ ಕೆಲಸ. ತಾರಸಿಯ ಕಂಬಕ್ಕೆ ಹಗ್ಗ ಬಿಗಿಯುವುದು ಭಾವ. ಆ ಹಗ್ಗದಲ್ಲಿ ಒಂದು ಹಲಗೆಯ ಮೇಲೆ ಕೂತು, ಬಕೆಟ್ಟು, ಬ್ರಶ್ಶು ಹಿಡಿದು ಕೆಳಗಿಳಿಯುವುದು ನನ್ನ ಗಂಡ. ಅಂದರೆ ನನ್ನ ಮಗುವಿನ ಅಪ್ಪ ದಿನವಿಡೀ ನೇತಾಡುವುದು ಭಾವನ ಬೆರಳುಗಳ ನಂಬಿಕೆಯ ಮೇಲೆ.

ಭಾವನ ಬಗ್ಗೆ ಒಳ್ಳೆಯದನ್ನೂ ಹೇಳಿಬಿಡುತ್ತೇನೆ, ಆಮೇಲೆ ಅನ್ಯಾಯ ಮಾಡಿದೆ ಅನ್ನುವುದು ಬೇಡ. ಮಾವ ತೀರಿಕೊಂಡಾಗ ಅವರಿಗಿನ್ನೂ ಮೀಸೆ ಚಿಗುರಿರಲಿಲ್ಲ. ಗೋದಾಮಿನಲ್ಲಿ ಮೂಟೆಗಳಿಗೆ ಹಗ್ಗ ಕಟ್ಟಿ ತಮ್ಮನನ್ನು ಓದಿಸಿದರು. ತಮ್ಮ ಓದಲಿಲ್ಲ, ಅದು ಬೇರೆ ಮಾತು. ಕಣ್ಣು ಮುಚ್ಚಿಕೊಂಡು ಗಂಟು ಹಾಕಿ, ಬಿಚ್ಚಿ ತೋರಿಸುತ್ತಿದ್ದರಂತೆ, ನೋಡಲು ಜನ ಸೇರುತ್ತಿದ್ದರಂತೆ. ಈ ಕತೆಯನ್ನು ಅತ್ತೆ ಎಷ್ಟು ಸಲ ಹೇಳಿದ್ದಾರೆಂದರೆ, ನನ್ನ ಮಗು ಮೊದಲು ಆಡುವ ಮಾತೇ ‘ಗಂಟು’ ಆದೀತು ಎಂಬ ಹೆದರಿಕೆ ನನಗೆ.

ಇನ್ನು ಉಳಿದದ್ದು. ಭಾವ ಸಂಜೆಗೆ ಕುಡಿಯುತ್ತಾರೆ. ಬಾಟಲಿ ಖಾಲಿಯಾಗುವವರೆಗೆ, ಮನೆಯವರೆಲ್ಲ ಬೈಸಿಕೊಂಡು ಮುಗಿಯುವವರೆಗೆ. ಓರಗಿತ್ತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಬರದೆ ಇದ್ದದ್ದೇ ಒಳ್ಳೆಯದಾಯಿತು ಎಂದು ನಾನು ಬಾಯಿಬಿಟ್ಟು ಹೇಳಿದ್ದಕ್ಕೆ ಅತ್ತೆ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಬೆಳಿಗ್ಗೆ ಎದ್ದರೆ ಭಾವನಿಗೆ ಲೋಕವೆಲ್ಲ ಶತ್ರು. ಪಾತ್ರೆ ಸದ್ದಾದರೆ ಬೈಗುಳ. ಕಿಟಕಿ ತೆರೆದರೆ ಬೈಗುಳ. ಮಗು ಅತ್ತರೆ, “ಆ ಪೀಪಿ ಊದೋದನ್ನ ನಿಲ್ಸು!” ತಣ್ಣೀರು ಸುರಿದುಕೊಂಡು, ಕಹಿ ಕಾಫಿ ಕುಡಿದು, ನಿಂಬೆಹಣ್ಣು ಚೀಪಿ, “ಇಳೀತು, ನಡಿ” ಎಂದು ಹಗ್ಗದ ಚೀಲ ಹೆಗಲಿಗೇರಿಸಿದರೆ ಮುಗಿಯಿತು. ಇಳಿಯಿತೋ ಇಲ್ಲವೋ ಎಂದು ಕೇಳುವವರಿಲ್ಲ.

ಆ ಕೆಲಸದಲ್ಲಿ ಒಂದು ಕ್ರಮ ಉಂಟು. ಮೇಲಿನವನು ಗಂಟು ಹಾಕಬೇಕು, ಇಳಿಯುವವನು ಅದನ್ನು ಸ್ವತಃ ಎಳೆದು ನೋಡಿ ಇಳಿಯಬೇಕು. ಊರೆಲ್ಲ ಹಾಗೆಯೇ ಮಾಡುತ್ತದೆ. ನಮ್ಮ ಮನೆಯ ಗಂಡಸರು ಮಾತ್ರ ಮಾಡುವುದಿಲ್ಲ. ಅಣ್ಣ ಹಾಕಿದ ಗಂಟನ್ನು ತಮ್ಮ ಎಳೆದು ನೋಡುವುದು ಅಂದರೆ ಅಣ್ಣನ ಮುಖಕ್ಕೆ ಉಗಿದಂತೆ! ಮರ್ಯಾದೆ ಎಂದರೆ ಇದು. ನೆಲಕ್ಕೆ ಬಿದ್ದು ಸತ್ತರೂ ಅಡ್ಡಿಯಿಲ್ಲ, ಹಿರಿಯರ ಮನಸ್ಸು ನೋಯಬಾರದು.

ಒಂದು ಸಂಜೆ ನನ್ನ ಗಂಡ ನಗುತ್ತಾ ಬಂದರು. “ಇವತ್ತು ತಮಾಷೆ ನೋಡು. ಅಣ್ಣ ಕಟ್ಟಿದ ಬಕೆಟ್ಟು ಅರ್ಧ ದಾರೀಲೇ ಕಳಚ್ಕೊಂಡು ಹೋಗಿ ಚೂರು ಚೂರು. ಕೆಳಗೆ ಯಾರೂ ಇರ್ಲಿಲ್ಲ, ಬಚಾವ್.”

ಮಗುವಿಗೆ ಹಾಲೂಡಿಸುತ್ತಿದ್ದೆ. ನನಗೆ ನಗು ಬರಲಿಲ್ಲ.

“ನಿಮ್ಮ ಗಂಟು ಕಟ್ಟಿದ್ದೂ ಅದೇ ಕೈ ತಾನೇ?”

“ಬಕೆಟ್ಟಿಗೆ ಯಾರು ಅಷ್ಟು ಗಮನ ಕೊಡ್ತಾರೆ? ಮನುಷ್ಯನಿಗೆ ಕಟ್ಟೋದು ಬೇರೆ ಕಣೇ.”

ಮರುದಿನ ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. “ರಾತ್ರಿ ಕುಡಿದದ್ದು ಬೆಳಿಗ್ಗೆ ಸ್ನಾನ ಮಾಡಿದ್ರೆ ಇಳಿಯತ್ತಾ?” ಆಕೆ ಮಗುವನ್ನು ನೋಡಿದರು, ನನ್ನ ಎದೆಯನ್ನು ನೋಡಿದರು, ಕಣ್ಣು ಕೆಂಪಗೆ ಮಾಡಿದರು. “ನಾನಲ್ಲ, ನಮ್ಮ ಭಾವ” ಎಂದು ದೇವರಾಣೆ ಹಾಕಿದ ಮೇಲೆ ಸಮಾಧಾನವಾಗಿ ಹೇಳಿದರು.

“ಹೆಂಡಾನ ಕರಗಿಸೋದು ಹೆಚ್ಚು ಕಡಿಮೆ ಯಕೃತ್ತೊಂದೇ, ಅಮ್ಮಾ. ಟಿಕೆಟ್ ಕೊಡೋ ಕಿಟಕಿ ಒಂದೇ ಇದೆ ಅಂದ್ಕೊ. ಹೊರಗೆ ಎಷ್ಟುದ್ದ ಸಾಲಿದ್ರೂ ಒಳಗಿನವನು ತನ್ನ ಪಾಡಿಗೆ ಒಂದೊಂದೇ ಕೊಡ್ತಾನೆ. ನೀರು ಸುರಿದ್ರೆ, ಕಾಫಿ ಕುಡಿದ್ರೆ ಅವನ ಕೈ ಚುರುಕಾಗಲ್ಲ. ಕಾಫಿ ಕುಡಿದ ಕುಡುಕ ಎಚ್ಚರವಾಗಿರೋ ಕುಡುಕ, ಅಷ್ಟೇ.”

“ಹಾಗಾದ್ರೆ ತಲೆನೋವು?”

“ಯಕೃತ್ತು ಮೊದಲು ಹೆಂಡಾನ ಅದಕ್ಕಿಂತ ಕೆಟ್ಟ ವಿಷ ಮಾಡತ್ತೆ, ಆಮೇಲೆ ವಿನಿಗರ್ ತರದ ಹುಳಿ, ಕೊನೆಗೆ ನೀರು, ಗಾಳಿ. ಈ ಮಧ್ಯೆ, ನೀರು ಉಳಿಸ್ಕೋ ಅಂತ ಮೂತ್ರಪಿಂಡಕ್ಕೆ ಮೆದುಳು ಹೇಳೋದೂ ನಿಂತುಹೋಗಿರತ್ತೆ. ಉಚ್ಚೆ ಹೊಯ್ದು ಹೊಯ್ದು ಮೈ ಒಣಗತ್ತೆ. ಹೊಟ್ಟೆ ಒಳಗೆಲ್ಲ ಹುಣ್ಣಾದ ಹಾಗಿರತ್ತೆ. ಗೊರಕೆ ಹೊಡೆದ್ರೂ ಅದು ನಿದ್ದೆಯಲ್ಲ. ರಕ್ತದಲ್ಲಿ ಹೆಂಡ ಪೂರ್ತಿ ಮುಗಿದ ಮೇಲೂ ಕೈ, ಕಣ್ಣು, ಬುದ್ಧಿ ಮಂದವಾಗೇ ಇರತ್ತೆ. ತಡವಾಗಿ, ಜಾಸ್ತಿ ಕುಡಿದಿದ್ರೆ ಬೆಳಿಗ್ಗೆಗೂ ಅದು ರಕ್ತದಲ್ಲೇ ಉಳಿದಿರಬಹುದು. ಏನ್ ಕೆಲಸ ಅವರದ್ದು?”

ನಾನು ಹೇಳಿದೆ. ಡಾಕ್ಟರಮ್ಮ ಸೂಜಿಯನ್ನು ಕೆಳಗಿಟ್ಟುಬಿಟ್ಟರು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಒಪ್ಪಿಸಿದೆ. ಅವರು, “ನನ್ ದೊಡ್ಡೋನ ಮೇಲೆ ಕಣ್ಣು ಹಾಕೋಕೆ ಡಾಕ್ಟರೂ ಬೇಕಾಯ್ತಾ? ಸ್ನಾನ ಆದ್ಮೇಲೆ ಹೂವಿನ ಹಾಗಿರ್ತಾನೆ” ಎಂದರು. ಗಂಡನಿಗೆ ಹೇಳಿದೆ. “ಎಳೆದು ನೋಡಿ ಇಳೀರಿ, ನಿಮ್ಮ ಕಾಲು ಹಿಡೀತೀನಿ” ಎಂದೆ. ಅವರು ಮಗುವಿನ ಕೆನ್ನೆ ಹಿಂಡಿ, “ನಿಮ್ಮಮ್ಮಂಗೆ ತಲೆ ಕೆಟ್ಟಿದೆ” ಎಂದರು. ಮಾತಿನಿಂದ ಆಗುವ ಕೆಲಸವಲ್ಲ ಅನ್ನಿಸಿತು.

ಭಾವ ಮಿತಿ ಮೀರಿ ಕುಡಿದಿದ್ದ ದಿನದ ಮರು ಬೆಳಿಗ್ಗೆ ಮಗುವಿನ ಜೋಲಿ ಬಿಚ್ಚಿ ಒಗೆಯಲು ಹಾಕಿದೆ. ಇನ್ನೊಂದು ಬಟ್ಟೆ, ಹಗ್ಗ ತಂದು ಅವರ ಮುಂದೆ ಹಿಡಿದೆ. ಅವರ ಸ್ನಾನ, ಕಾಫಿ, ನಿಂಬೆಹಣ್ಣು ಎಲ್ಲ ಆಗಿತ್ತು. ಹಣೆಯಲ್ಲಿ ಬೆವರು.

“ಭಾವ, ಮಗೂಗೆ ಜೋಲಿ ಕಟ್ಕೊಡಿ.”

“ಇಷ್ಟಕ್ಕೂ ನಾನೇ ಬೇಕಾ? ನಿನ್ ಗಂಡನಿಗೆ ಕೈ ಇಲ್ವಾ?”

“ನಿಮ್ಮ ಗಂಟು ಜಾರಲ್ಲ ಅಂತಾರಲ್ಲ ಎಲ್ಲಾರೂ.”

ಅತ್ತೆಯ ಮುಖ ಅರಳಿತು. ಭಾವ ಗೊಣಗುತ್ತಾ ಸ್ಟೂಲು ಹತ್ತಿ ತೊಲೆಯ ಕೊಂಡಿಗೆ ಹಗ್ಗ ಸುತ್ತಿದರು. ಬೆರಳುಗಳು ಒಂದರ ಮೇಲೊಂದು ಬಿದ್ದು ತಡವರಿಸುತ್ತಿದ್ದವು. ಹೇಗೋ ಕಟ್ಟಿ ಇಳಿದರು.

“ಆಯ್ತು ತಗೋ.”

ಮಗುವನ್ನು ಅವರ ಕೈಗೇ ಕೊಟ್ಟೆ. “ನೀವೇ ಮಲಗಿಸಿ ಭಾವ.”

ಮಗು ಅವರ ಅಂಗಿಯ ಗುಂಡಿ ಹಿಡಿದು ಬಾಯಿಗೆ ಹಾಕಲು ನೋಡುತ್ತಿತ್ತು. ಭಾವ ಜೋಲಿಯ ಹತ್ತಿರ ಹೋದರು. ತಲೆಯೆತ್ತಿ ಗಂಟನ್ನು ನೋಡಿದರು. ಮಗುವನ್ನು ಅತ್ತೆಯ ಕೈಗಿಟ್ಟು ಮತ್ತೆ ಸ್ಟೂಲು ಹತ್ತಿ ಬಿಚ್ಚಿದರು. ಮತ್ತೆ ಕಟ್ಟಿದರು. ಇಳಿದು ಎಳೆದರು. ಮಗುವನ್ನು ಎತ್ತಿಕೊಂಡು ಬಂದು ಜೋಲಿಯ ಮೇಲೆ ಬಾಗಿದವರು ಹಾಗೆಯೇ ನಿಂತರು.

“ಆಮೇಲೆ ಮಲಗ್ಸು ಇವನ್ನ” ಎಂದು ಮಗುವನ್ನು ಮತ್ತೆ ಅತ್ತೆಯ ಕೈಗಿಟ್ಟರು.

“ಯಾಕೆ ಭಾವ? ನಿದ್ದೆ ಬಂದಿದೆ ಅವನಿಗೆ.”

“ಆಮೇಲೆ ಅಂದ್ನಲ್ಲ!”

“ಜೋಲಿ ನೆಲದಿಂದ ಮೊಳದೆತ್ತರ ಇಲ್ಲ. ಇನ್ನೊಂದು ಗಳಿಗೆಗೆ ಇದೇ ಕೈ ನಿಮ್ಮ ತಮ್ಮನಿಗೆ ಕಟ್ಟೋದು. ಅದಕ್ಕೆ ‘ಆಮೇಲೆ’ ಇಲ್ವಾ?”

ಭಾವನ ಮುಖ ಕಪ್ಪಿಟ್ಟಿತು. “ನನ್ನನ್ನ ಪರೀಕ್ಷೆ ಮಾಡ್ತೀಯಾ? ನಿನ್ನೆ ಮೊನ್ನೆ ಬಂದೋಳು, ನನ್ನ ಅನ್ನ ತಿನ್ನೋಳು! ಲೋ, ನಿನ್ ಹೆಂಡ್ತಿಗೆ ನಾಲಿಗೆ ಎಷ್ಟುದ್ದ ಬಿಟ್ಟಿದ್ದೀಯ ನೋಡೋ!”

ಹಲ್ಲುಜ್ಜುತ್ತಿದ್ದ ನನ್ನ ಗಂಡ ಬಾಯಲ್ಲಿ ನೊರೆ ಇಟ್ಟುಕೊಂಡೇ ಬಂದರು. ಅಣ್ಣನನ್ನು ನೋಡಿದರು. ಜೋಲಿಯನ್ನು ನೋಡಿದರು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರವೆಲ್ಲ ಹಾಕಿ ಜೋತುಬಿದ್ದರು. ಅಣ್ಣನ ಕಣ್ಣೆದುರಿಗೇ.

ಗಂಟು ಜಾರಲಿಲ್ಲ.

“ನೋಡಿದ್ಯಾ! ನಿಂತಿದೆ!” ಭಾವ ನನ್ನ ಮುಖದ ಹತ್ತಿರ ಬಂದು ಕೂಗಿದರು. ಹಳೆಯ ಹುಳಿ ವಾಸನೆ ಹೊಡೆಯಿತು.

“ನಿಂತಿದೆ ಭಾವ. ಮಲಗಿಸೋಕೆ ನಿಮಗೇ ಧೈರ್ಯ ಬರ್ಲಿಲ್ಲ.”

ಅವರು ಹಗ್ಗದ ಚೀಲವನ್ನು ತಮ್ಮನ ಕಾಲ ಬಳಿಗೆ ಎಸೆದರು. “ಹೋಗು, ನೀನೇ ಕಟ್ಕೊಂಡು ನೀನೇ ಇಳಿ! ಹೆಂಡ್ತಿ ಸೆರಗು ಹಿಡ್ಕೊಂಡು ಇಳಿ!” ಅತ್ತೆ ಅಳಲು ಶುರುಮಾಡಿದರು, ಮಗು ಅವರ ಜೊತೆ ದನಿಗೂಡಿಸಿತು. ನನ್ನ ಗಂಡ ಬಾಯಿ ಮುಕ್ಕಳಿಸಿ ಬಂದು ಚೀಲ ಎತ್ತಿಕೊಂಡರು. ಬಾಗಿಲಲ್ಲಿ ನಿಂತು, “ಅಣ್ಣಾ, ಇವತ್ತು ಮಲ್ಕೋ. ನಾನು ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗ್ತೀನಿ” ಎಂದರು.

ಭಾವ ಕುಡಿಯುವುದನ್ನು ಬಿಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಾನು ಬಡಿಸಿದ್ದನ್ನು ಮುಟ್ಟುವುದಿಲ್ಲ, ಅತ್ತೆಯೇ ಬಡಿಸಬೇಕು. ಎದುರಿಗೆ ಬಂದರೆ ಗೋಡೆಯ ಕಡೆ ತಿರುಗುತ್ತಾರೆ. ಒಳ್ಳೆಯ ಬೆಳಗಿನಲ್ಲಿ ತಮ್ಮನ ಜೊತೆ ಹೋಗುತ್ತಾರೆ, ಗಂಟು ಹಾಕುತ್ತಾರೆ. ತಮ್ಮ ಅದನ್ನು ಎಳೆದು ನೋಡುವಾಗ ಆಕಾಶ ನೋಡುತ್ತಾ ಬೈಯುತ್ತಾರಂತೆ. ಕೆಟ್ಟ ಬೆಳಗಿನಲ್ಲಿ ಹಾಸಿಗೆಯಿಂದಲೇ ನನಗೆ ಕೇಳಿಸುವ ಹಾಗೆ ಕೂಗುತ್ತಾರೆ:

“ಲೋ, ನಿನ್ ಹೆಂಡ್ತಿಗೆ ಹೇಳು, ನಾನು ಇವತ್ತು ಬರಲ್ಲ ಅಂತ! ಆ ಮಾರಿಗೆ ಹೊಟ್ಟೆ ತಣ್ಣಗಾಗ್ಲಿ!”

ತಣ್ಣಗಾಗುತ್ತದೆ.