ವಫ್ರಾದ ಖರ್ಜೂರದ ಮರಕ್ಕೆ ಬಿದ್ದ ಕಚ್ಚು

ಪಂಪ್‌ಹೌಸ್ ಹಿಂದಿನ ಖರ್ಜೂರದ ಮರದ ಮೇಲಿರುವ ಕಚ್ಚು ನೆಲದಿಂದ ಎರಡು ಮೀಟರ್ ಹತ್ತು ಸೆಂಟಿಮೀಟರ್ ಎತ್ತರದಲ್ಲಿದೆ. ಅಗಲ ಒಂದು ಅಂಗೈಯಷ್ಟು. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಅದರ ವಿಷಯದಲ್ಲಿ ಒಂದು ಮಾತೂ ಹೆಚ್ಚುಕಡಿಮೆ ಆಗದಂತೆ ಬರೆಯಬೇಕು. ನಾನು ತಮಾಷೆಗೆ ಆಡಿದ ಒಂದು ಹೆಚ್ಚಿನ ಮಾತಿನಿಂದಲೇ ಒಬ್ಬ ಮನುಷ್ಯ ಜೈಲಿನ ಬಾಗಿಲವರೆಗೆ ಹೋಗಿಬಂದ.

ನನ್ನ ಕಚೇರಿ ಕುವೈತ್ ನಗರದ ಮಿರ್ಕಾಬಿನಲ್ಲಿದೆ. ಹನಿ ನೀರಾವರಿಯ ಪೈಪು, ಫಿಲ್ಟರು ನೋಡಿಕೊಳ್ಳುವ ಇಂಜಿನಿಯರ್ ನಾನು. ಪ್ರತಿ ಮಂಗಳವಾರ ಬೆಳಿಗ್ಗೆ ವಫ್ರಾದ ಒಂದು ತೋಟಕ್ಕೆ ಹೋಗುತ್ತೇನೆ. ಅಲ್ಲಿ ಫಿಲ್ಟರ್ ತೊಳೆಯುವವನು ಬಂಗಾಳದ ಮುರ್ಶಿದಾಬಾದಿನ ಕಡೆಯವನು, ಸುಮಾರು ನನ್ನದೇ ವಯಸ್ಸು. ನನ್ನ ಹರಕು ಹಿಂದಿ, ಅವನ ಹರಕು ಹಿಂದಿ, ಎರಡೂ ಸೇರಿ ನಮಗೊಂದು ಭಾಷೆಯಾಗಿತ್ತು.

ಒಂದು ದಿನ ಚಹಾ ಕುಡಿಯುವಾಗ ಅವನ ಊರಿನ ಬಗ್ಗೆ ಕೇಳಿದೆ. ಟ್ಯಾಂಕಿನ ಪಕ್ಕದ ಒದ್ದೆ ಮರಳಿನ ಮೇಲೆ ಸ್ಕ್ರೂಡ್ರೈವರಿನಿಂದ ಜಿಲ್ಲೆಯನ್ನೇ ಬರೆದು ತೋರಿಸಿದ. ನಡುವೆ ಒಂದು ನದಿ. ಅದರ ಪಶ್ಚಿಮಕ್ಕೆ ಎತ್ತರದ ಗಟ್ಟಿ ನೆಲ, ಭತ್ತ. ಪೂರ್ವಕ್ಕೆ ಮೆತ್ತನೆಯ ಮೆಕ್ಕಲು ಮಣ್ಣು, ಸೆಣಬು, ಬಾಳೆ. ಇನ್ನೂ ಪೂರ್ವಕ್ಕೆ ಅಂಚಿನಲ್ಲಿ ದೊಡ್ಡ ನದಿ, ವರ್ಷವರ್ಷ ದಡವನ್ನು ತಿನ್ನುತ್ತಾ ಒಳಗೆ ಬರುವಂಥದ್ದು. ಮನೆಮನೆಯಲ್ಲೂ ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಗಂಡಸರು ಕರಣೆ ಹಿಡಿದು ಗಾರೆ ಕೆಲಸಕ್ಕೆ ಕೋಲ್ಕತಾಗೆ, ಕೇರಳಕ್ಕೆ ಹೋಗುತ್ತಾರೆ, ಈಗ ಇಲ್ಲಿಗೂ.

"ಚಳಿಗಾಲದಲ್ಲಿ?" ಎಂದೆ.

"ಚಳಿಗಾಲದಲ್ಲಿ ನಾವು ಮರದ ಮೇಲೆ, ಸಾಬ್."

ಅವನ ಮನೆತನದವರು ಈಚಲು ಮರದಿಂದ ರಸ ಇಳಿಸುವವರು. ಹೊಲದ ಬದುವಿನ ಮರಗಳನ್ನು ಗುತ್ತಿಗೆಗೆ ಹಿಡಿದು, ಕಾಂಡವನ್ನು ಒಂದು ಮಗ್ಗುಲಿಗೆ ಕೆತ್ತಿ, ಸಂಜೆ ಹೊಗೆ ಹಿಡಿಸಿದ ಮಡಕೆ ಕಟ್ಟುತ್ತಾರೆ. ಮರುವರ್ಷ ಇನ್ನೊಂದು ಮಗ್ಗುಲು. ಹೀಗೆ ಕಾಂಡವೆಲ್ಲ ಅಂಕುಡೊಂಕಾಗಿ ಮೆಟ್ಟಿಲಿನಂತಾಗುತ್ತದೆ. ಕಚ್ಚು ಎಣಿಸಿದರೆ ಮರ ಎಷ್ಟು ಚಳಿಗಾಲ ರಸ ಕೊಟ್ಟಿದೆ ಎಂದು ತಿಳಿಯುತ್ತದೆ. ಮರಳಿನಲ್ಲಿ ಚುಕ್ಕಿ ಇಟ್ಟು ಮರಗಳನ್ನು ತೋರಿಸಿದ. ಆಮೇಲೆ ದೊಡ್ಡ ನದಿಯ ಗೆರೆಯಿಂದ ಅಂಗೈ ಎಳೆದು ಹೆಚ್ಚಿನ ಚುಕ್ಕಿಗಳನ್ನು ಅಳಿಸಿದ.

"ಖರ್ಜೂರವೂ ಈಚಲ ಜಾತಿಯದೇ ಅಲ್ವಾ, ಇಲ್ಲಿನ ಮರಗಳು ರಸ ಕೊಡ್ತಾವಾ?" ಎಂದು ಕೇಳಿದವನು ನಾನು. ಇದನ್ನೂ ಬರೆದಿಡಬೇಕು. ಅವನು ತಲೆ ಎತ್ತಿ, ಒಂದೂ ಕಚ್ಚಿಲ್ಲದ ಆ ಕಾಂಡಗಳ ಸಾಲನ್ನು ನೋಡಿದ.

ಮುಂದಿನ ಮಂಗಳವಾರ, ಜನವರಿಯ ಚಳಿಯಲ್ಲಿ, ಆರೂವರೆಗೆ ಅವನು ಒಂದು ಸ್ಟೀಲ್ ಲೋಟ ಕೊಟ್ಟ. ತಿಳಿಯಾದ, ತಣ್ಣನೆಯ, ಎಳನೀರಿಗಿಂತ ಸಿಹಿಯಾದ ರಸ, ಸ್ವಲ್ಪ ಹೊಗೆಯ ವಾಸನೆ. ಪಂಪ್‌ಹೌಸ್ ಹಿಂದಿನ ಮರಕ್ಕೆ ಹಾಲಿನ ಪುಡಿಯ ಖಾಲಿ ಡಬ್ಬ ಕಟ್ಟಿದ್ದ. ಪೂರ್ತಿ ಕುಡಿದೆ. ಅಷ್ಟರಲ್ಲಿ ತೋಟದ ಮೇಲ್ವಿಚಾರಕರು ಬಂದರು. ಅವರು ಮಂಗಳೂರಿನವರು.

"ಎಂತ ಕುಡಿಯುವುದು ಮಾರಾಯ್ರೇ, ನಮಗಿಲ್ವಾ?"

"ಈಚಲ ಹೆಂಡ ಸ್ವಾಮಿ. ನಮ್ ಕಡೆ ಇದಕ್ಕೇ ಸಾಲು ನಿಲ್ತಾರೆ."

"ಅಯ್ಯೋ, ಕುವೈತಲ್ಲಿ ಶೇಂದಿಯಾ! ಊರಿಗೆ ಟಿಕೆಟ್ ಮಾಡಿದ್ದೀರಾ ಹೇಗೆ?"

ಇಬ್ಬರೂ ನಕ್ಕೆವು. ಕನ್ನಡ ಬಾರದ ಅವನು, ನಾವು ನಕ್ಕಿದ್ದಕ್ಕೆ ತಾನೂ ನಕ್ಕ.

ತುಮಕೂರು ಸೀಮೆಯ ನಾನು ಈಚಲು ಎಂದರೆ ಹೆಂಡ ಎಂದಷ್ಟೇ ತಿಳಿದವನು. ಬಿಸಿಲೇರುವ ಮೊದಲು ಕಾಯಿಸಿದರೆ ಅದೇ ರಸ ಬೆಲ್ಲವಾಗುತ್ತದೆಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಅವನು ಇಳಿಸಿದ್ದು ಬೆಲ್ಲಕ್ಕೆ. ಅಂದು ಕಾಯಿಸಲು ಒಲೆ ಹೊತ್ತಿಸುತ್ತಿದ್ದವನನ್ನು ನಾನೇ ದೂರದ ಹಸಿರುಮನೆಯ ವಾಲ್ವ್ ತೆಗೆಯಲು ಕರೆದುಕೊಂಡು ಹೋದೆ. ಡಬ್ಬದಲ್ಲಿ ಉಳಿದ ರಸ ಮಧ್ಯಾಹ್ನದ ಹೊತ್ತಿಗೆ ಹುಳಿಬಂದು ನೊರೆ ಕಟ್ಟಿತು.

ಆ ಮಧ್ಯಾಹ್ನವೇ, ನಾನಿನ್ನೂ ಅಲ್ಲಿರುವಾಗ, ತೋಟದ ಯಜಮಾನ, ಅಂದರೆ ಅವನ ವೀಸಾದ ಹೊಣೆ ಹೊತ್ತ ಕಫೀಲ್, ಹೇಳದೆ ಕೇಳದೆ ಬಂದ. ತಂದೆ ನೆಟ್ಟ ಮರದಲ್ಲಿ ಹಸಿ ಗಾಯ ನೋಡಿದ. ಡಬ್ಬ ಎತ್ತಿ ಮೂಸಿದ. ಏನಿದು ಎಂದು ಮೇಲ್ವಿಚಾರಕರನ್ನು ಕೇಳಿದ. ಅವರಿಗೂ ಕಳೆದುಕೊಳ್ಳಲು ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಇದೆ, ಊರಲ್ಲಿ ಮನೆಮಂದಿ ಇದ್ದಾರೆ. "ಇಂಜಿನಿಯರ್ ಹೇಳಿದ್ದು, ಇದು ಮದ್ಯ ಅಂತ," ಎಂದು ಅರಬ್ಬಿಯಲ್ಲಿ ಹೇಳಿಬಿಟ್ಟರು.

ಯಜಮಾನ ಪೊಲೀಸರಿಗೆಂದು ಫೋನ್ ತೆಗೆದ. ಈ ದೇಶದಲ್ಲಿ ಮದ್ಯ ತಯಾರಿಸಿದವನಿಗೆ ಮೊದಲು ಜೈಲು, ಆಮೇಲೆ ವಿಮಾನ. ಮುರ್ಶಿದಾಬಾದಿನವನು ಕೈಮುಗಿದು "ಬೆಲ್ಲ ಸಾಬ್, ಬೆಲ್ಲ" ಎಂದು ಹಿಂದಿಯಲ್ಲಿ ಹೇಳುತ್ತಲೇ ಇದ್ದ.

ನನಗೇನೂ ಗೊತ್ತಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಹೆಂಡತಿಯ ಬ್ಯಾಂಕಿನ ಕೆಲಸ, ಮಗಳ ಶಾಲೆ ನೆನಪಾದವು. ಆದರೂ ಇಂಗ್ಲಿಷಿನಲ್ಲಿ, ನಿಧಾನವಾಗಿ, ಒಂದೊಂದೇ ವಾಕ್ಯ ಹೇಳಿದೆ. ಆ ಮಾತು ನನ್ನದು. ತಮಾಷೆಗೆ ಆಡಿದ್ದು, ತಪ್ಪು. ಬೆಳಿಗ್ಗೆ ಆರೂವರೆಗೆ ನಾನೇ ಕುಡಿದಿದ್ದೇನೆ, ಅದು ಸಿಹಿನೀರು. ಇವನನ್ನು ಕೆಲಸಕ್ಕೆ ಎಳೆದುಕೊಂಡು ಹೋದದ್ದರಿಂದ ಹುಳಿಯಾಯಿತು. ನಾಳೆ ಬೆಳಿಗ್ಗೆ ನಿಮ್ಮ ಎದುರಿಗೇ ಇಳಿಸಿ ಕಾಯಿಸುತ್ತಾನೆ. ಬೆಲ್ಲವಾಗದಿದ್ದರೆ ಪೊಲೀಸರಿಗೆ ಇಬ್ಬರ ಹೆಸರೂ ಕೊಡಿ.

ಯಜಮಾನ ನನ್ನ ಸಿವಿಲ್ ಐಡಿ ಇಸಿದುಕೊಂಡು ಜೇಬಿಗೆ ಹಾಕಿ, "ನಾಳೆ. ಬೆಳಗಿನ ನಮಾಜಿನ ನಂತರ," ಎಂದ.

ನಗರದ ಬ್ನೇದ್ ಅಲ್ ಗಾರ್‌ನ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ.

"ನಿಮಗ್ಯಾಕ್ರೀ ಬೇಕಿತ್ತು ಇಲ್ಲದ ಉಸಾಬರಿ?"

"ಮಾತು ನಂದೇ ಕಣೇ."

ಅವಳು ಹೋಳಿಗೆಯ ಹೂರಣಕ್ಕೆ ಇಟ್ಟಿದ್ದ ದಪ್ಪ ತಳದ ಅಗಲ ಪಾತ್ರೆಯನ್ನು ಕಪಾಟಿನಿಂದ ತೆಗೆದು ಬಾಗಿಲ ಬಳಿ ಇಟ್ಟಳು. "ಇದನ್ನ ತಗೊಂಡೋಗಿ. ತೆಳು ಪಾತ್ರೇಲಿ ತಳ ಹಿಡಿಯುತ್ತೆ. ಬೇಗ ಮಲಗಿ, ನಾಲ್ಕಕ್ಕೆ ಎಬ್ಬಿಸ್ತೀನಿ."

ಬೆಳಿಗ್ಗೆ ತೋಟದಲ್ಲಿ ಮಂಜು ಕವಿದಿತ್ತು. ಸಂಜೆ ಹೊಗೆ ಹಿಡಿಸಿ ಕಟ್ಟಿದ್ದ ಡಬ್ಬವನ್ನು ಅವನು ಯಜಮಾನನ ಎದುರಿಗೇ ಬಿಚ್ಚಿ ಪಾತ್ರೆಗೆ ಸುರಿದ. ಒಲೆ ಎರಡು ಗಂಟೆ ಉರಿಯಿತು. ರಸ ಚಹಾದ ಬಣ್ಣಕ್ಕೆ ಬಂತು, ಆಮೇಲೆ ಕೆಂಪಾಯಿತು. ಅವನು ನೊರೆ ತೆಗೆಯುತ್ತಾ, ಕೈ ಬಿಡದೆ ತಿರುವುತ್ತಾ ಇದ್ದ. ಕೊನೆಗೆ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆ ಕಟ್ಟಿ ನೋಡಿದ. ಚಿಕ್ಕಿಯ ಪಾಕಕ್ಕೆ ನನ್ನ ಅಮ್ಮ ನೋಡುತ್ತಿದ್ದುದೂ ಹೀಗೆಯೇ. ಆ ಬೆರಳುಗಳನ್ನು ಕಂಡಾಗ ಬೆಲ್ಲವಾಗುತ್ತದೆಂದು ನನಗೆ ಖಾತ್ರಿಯಾಯಿತು.

ಅಷ್ಟೂ ರಸಕ್ಕೆ ಉಳಿದದ್ದು ಒಂದು ಬಟ್ಟಲು ಬೆಲ್ಲ. ಯಜಮಾನ ಒಂದು ಚೂರು ಬಾಯಿಗೆ ಹಾಕಿಕೊಂಡ. ಇನ್ನೊಂದು ಚೂರನ್ನು ಮೇಲ್ವಿಚಾರಕರಿಗೆ ಕೊಟ್ಟ. ನನ್ನ ಐಡಿ ವಾಪಸು ಕೊಟ್ಟ. ಆಮೇಲೆ ಮರದ ಬಳಿ ಹೋಗಿ ಗಾಯದ ಮೇಲೆ ಕೈಯಿಟ್ಟ.

"ಪೊಲೀಸ್ ಇಲ್ಲ. ಆದರೆ ಈ ವರ್ಷ ಇದು ಫಲ ಬಿಡದಿದ್ದರೆ ಇವನು ಊರಿಗೆ. ಖಲಾಸ್."

ಅದನ್ನು ಅವನಿಗೆ ಹಿಂದಿಯಲ್ಲಿ ತಿಳಿಸಿದೆ. ಅವನು ಬೇಡಿಕೊಳ್ಳಲಿಲ್ಲ. "ಊರಲ್ಲಿ ಹನ್ನೊಂದು ಕಚ್ಚಿನ ಮರ ಇನ್ನೂ ನಿಂತಿದೆ ಅಂತ ಹೇಳಿ ಸಾಬ್. ನಾನು ಸುಳಿಗೆ ಚಾಕು ತಾಗಿಸಿಲ್ಲ." ಅಷ್ಟನ್ನೇ, ಒಂದು ಮಾತೂ ಸೇರಿಸದೆ, ಯಜಮಾನನಿಗೆ ಹೇಳಿದೆ.

ಅಂದೇ ಅವನು ಗಾಯ ತೊಳೆದು, ಜೇಡಿಮಣ್ಣಿಗೆ ಬೂದಿ ಕಲಸಿ ಮೆತ್ತಿ, ಗೋಣಿ ಸುತ್ತಿದ. ಪ್ರತಿ ಮಂಗಳವಾರ ನಾನು ಮೊದಲು ಆ ಮರವನ್ನು ನೋಡಿ, ಆಮೇಲೆ ಫಿಲ್ಟರ್ ನೋಡಿದೆ. ಮಾರ್ಚಿನಲ್ಲಿ ಒಂದು ಮಗ್ಗುಲಿಗೆ ಐದು ಹೊಂಬಾಳೆ ಬಂದವು. ಕಚ್ಚಿನ ಮಗ್ಗುಲು ಖಾಲಿ. ಎರಡು ವಾರ ತಡವಾಗಿ ಅಲ್ಲೂ ಒಂದು, ಸಣ್ಣದು, ಹೊರಟಿತು. ಅವನು ಏಣಿ ಹಾಕಿ, ಕಾಯಿ ಕಚ್ಚಲೆಂದು, ಗಂಡು ಮರದ ಹೂವಿನ ಎಸಳುಗಳನ್ನು ಒಂದೊಂದಕ್ಕೂ ಸಿಕ್ಕಿಸಿ ದಾರ ಕಟ್ಟಿದ.

ಕೆಳಗೆ ನಿಂತಿದ್ದ ಮೇಲ್ವಿಚಾರಕರು ನನ್ನ ಮುಖ ನೋಡದೆ ಕೇಳಿದರು. "ಎಷ್ಟಾಯ್ತು?"

"ಆರು."

"ಸಾಕು ಮಾರಾಯ್ರೇ. ನಾನು ದಿನಾ ಎಣಿಸ್ತಿದ್ದೆ."

ಜೂನಿನಲ್ಲಿ ಯಜಮಾನ ಬಂದ. ಕಾಯಿ ಕಚ್ಚಿದ ಗೊನೆಗಳನ್ನು ಬೆರಳು ಮಾಡಿ ಎಣಿಸಿದ, ಸಣ್ಣದನ್ನೂ ಬಿಡಲಿಲ್ಲ. "ಯಲ್ಲಾ, ಕೆಲಸ ನೋಡು," ಎಂದ. ಅವನು ಫಿಲ್ಟರ್ ಎತ್ತಿಕೊಂಡು ಟ್ಯಾಂಕಿನ ಕಡೆಗೆ ನಡೆದ.

ಆ ವಾರದ ತಪಾಸಣೆ ಪುಸ್ತಕದಲ್ಲಿ, ಪೈಪುಗಳ ವಿವರದ ಕೆಳಗೆ, ಒಂದು ಸಾಲು ಹೆಚ್ಚಿಗೆ ಬರೆದು ಸಹಿ ಹಾಕಿದೆ: ಪಂಪ್‌ಹೌಸ್ ಹಿಂದಿನ ಮರ. ಕಚ್ಚು ಒಂದು, ಗೊನೆ ಆರು.