ಗೇರ್ ಸೈಕಲ್ಲಿಗೆ ಕುಸುಬಿ ಎಣ್ಣೆ

ಕೇಶ್ವಾಪುರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವರು ಮಿಶನ್ ಶಾಲೆಯೊಂದರಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಶಾಲೆಯ ಶಿಕ್ಷಕಿಯರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಓಣಿಯವರೆಲ್ಲರಿಗೂ ಅವರು ಅಕ್ಕೋರೇ. ವಯಸ್ಸು ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಸೀರೆ ಉಟ್ಟು ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಡೆಯುತ್ತಿದ್ದರು. ಅವರು ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷ ತುಂಬಿದಾಗ ಹಳೆಯ ವಿದ್ಯಾರ್ಥಿನಿಯರು ಕೂಡಿ ಅವರಿಗೊಂದು ಗೇರ್ ಸೈಕಲ್ ಕೊಟ್ಟರು. ಶಾಲು, ಗೋಡೆ ಗಡಿಯಾರ ಕೊಡುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ನಡುವಿನ ವರ್ಷಗಳು. ಮಹಡಿಯಲ್ಲಿ ಅವರಿಗೆ ಬಂದ ಶಾಲುಗಳ ಟ್ರಂಕು ಒಂದಿತ್ತು. ಅದನ್ನು ಅವರು ತೆರೆದದ್ದನ್ನು ನಾನು ನೋಡಿಲ್ಲ. ಸೈಕಲ್ಲನ್ನು ಮಾತ್ರ ದಿನಕ್ಕೆರಡು ಸಲ ಒರೆಸುತ್ತಿದ್ದರು.

ಆ ಸೈಕಲ್ಲಿಗೆ ಮಡ್‌ಗಾರ್ಡ್ ಇರಲಿಲ್ಲ, ಕ್ಯಾರಿಯರ್ ಇರಲಿಲ್ಲ, ಚೈನಿಗೆ ಕವರ್ ಕೂಡ ಇರಲಿಲ್ಲ. ಟೈರು ದಪ್ಪ, ಮೈತುಂಬ ಗಂಟುಗಂಟು. ಅದನ್ನು ಮೊದಲ ಸಲ ನೋಡಿದ ದಿನ ನಮ್ಮ ಮನೆಯವರು, "ಇದೇನ್ ಸೈಕಲ್ಲೋ, ಅರ್ಧಾ ಮಾಡಿ ಮಾರಿಬಿಟ್ಟಾರೋ?" ಅಂದಿದ್ದರು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅಕ್ಕೋರು ಚೂಡಿದಾರ ಹಾಕಿಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿ, ಊರಾಚೆಯ ದಿಬ್ಬಕ್ಕೆ ಹೋಗುತ್ತಿದ್ದರು. ರಸ್ತೆಗೆ ಹಾಕಲು ಗರಸು ಮಣ್ಣು ಅಗೆದು ಅಗೆದು ಉಳಿದಿದ್ದ ದಿಬ್ಬ ಅದು. ದನ ಹತ್ತಿಳಿದು ಆದ ಒಂದು ಕಾಲುದಾರಿ ಬಿಟ್ಟರೆ ಅಲ್ಲಿ ಮತ್ತೇನೂ ಇಲ್ಲ. ಸಂಜೆ ಮರಳಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು ಕಾಲುಚೀಲಕ್ಕೆ ಅಂಟಿದ ಹುಲ್ಲಿನ ಬೀಜ ಒಂದೊಂದಾಗಿ ಕೀಳುವರು. ನಾನು ಮೊರ ಹಿಡಿದು ಅಕ್ಕಿ ಆರಿಸುತ್ತ ಸೈಕಲ್ಲಿನ ಹಿಂದಿನ ಗಾಲಿಯನ್ನೇ ನೋಡುತ್ತಿದ್ದೆ.

"ಏನ್ ನೋಡಾಕತ್ತೀರಿ ಅಷ್ಟು?" ಎಂದು ಒಂದು ದಿನ ಕೇಳಿದರು.

"ಆ ಚೈನು ಇದ್ದ ಮನಿ ಬಿಟ್ಟು ಬಾಜೂ ಮನಿಗೆ ಹೆಂಗ ಹೋಗತೈತಿ ಅಂತ ನೋಡಾಕತ್ತೇನ್ರಿ."

ಅವರು ಜೋರಾಗಿ ನಕ್ಕರು. ಆಮೇಲೆ ಹಿಂದಿನ ಗಾಲಿ ಎತ್ತಿ ಹಿಡಿದು, "ಬರ್ರಿ, ಪೆಡಲ್ ತಿರುವ್ರಿ," ಅಂದರು. ನಾನು ಕೈಯಿಂದ ಪೆಡಲ್ ತಿರುಗಿಸಿದೆ. ಅವರು ಹ್ಯಾಂಡಲ್ಲಿನ ಸಣ್ಣ ಕಡ್ಡಿಯನ್ನು ಒತ್ತಿದರು. ಚೈನು ಓರೆಯಾಗಿ, ಒಂದು ಗಳಿಗೆ ಎರಡು ಹಲ್ಲಿನ ಚಕ್ರಗಳ ನಡುವೆ ತೂಗಿ, ಟಕ್ಕನೆ ಪಕ್ಕದ್ದಕ್ಕೆ ಹತ್ತಿತು. ಮೊರದಲ್ಲಿದ್ದ ಅಕ್ಕಿಯನ್ನು ಗುಬ್ಬಿಗಳು ತಿನ್ನುತ್ತಿದ್ದುದು ನನಗೆ ಆಮೇಲೆ ಗೊತ್ತಾಯಿತು.

ಆ ವರ್ಷ ಗಣೇಶ ಚೌತಿ ಕಳೆದ ಮೇಲೆ ಗದಗಿನಲ್ಲಿದ್ದ ಅಕ್ಕೋರ ಅಕ್ಕ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಇವರು ಎರಡು ತಿಂಗಳಿಗೆ ರಜೆ ಹಾಕಿ ಹೊರಟರು. ಹೊರಡುವ ಮುಂಜಾನೆ ಸೈಕಲ್ಲನ್ನು ನಮ್ಮ ಪಡಸಾಲೆಗೆ ತಂದು ನಿಲ್ಲಿಸಿದರು.

"ನಿಂತ್ರ ಕೆಡತೈತಿ. ನೀವ ಓಡಸ್ರಿ."

"ನಾನ? ಕಾನ್ವೆಂಟಿನ ಕಂಪೌಂಡಿನ್ಯಾಗ ಕಲ್ತಿದ್ದೆರಿ, ಲಗ್ನ ಆದ ಮ್ಯಾಲ ಮುಟ್ಟಿಲ್ಲ."

"ಮರೆಯೂ ವಿದ್ಯಾ ಅಲ್ಲದು. ಡಾಂಬರ ರಸ್ತೆಗೆ ಗಾಳಿ ಬಿರುಸ ಇರಲಿ, ಮಣ್ಣಿನ ದಾರಿಗೆ ಒಂಚೂರು ಮೆತ್ತಗ. ಏರು ಬರೂಕಿಂತ ಮೊದಲ ಗೇರ್ ಬದಲ್ ಮಾಡ್ರಿ, ಬಂದ ಮ್ಯಾಲಲ್ಲ. ದಿನಾ ಒರಸ್ರಿ. ಅಷ್ಟ." ಹೋಗುತ್ತ ತಿರುಗಿ, "ನನ್ನ ಹುಡಿಗ್ಯಾರು ಕೊಟ್ಟಿದ್ದು. ಜ್ವಾಕಿ," ಅಂದರು.

ಎಣ್ಣೆಯ ವಿಷಯ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಮ್ಮ ಮನೆಯವರಿಗೆ ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಕಂಪನಿಯ ಬಸ್ಸು ಅವರನ್ನು ಬೆಳಿಗ್ಗೆ ಬೇಗ ಕರೆದೊಯ್ಯುತ್ತಿತ್ತು. ಮಗಳೂ ಶಾಲೆಗೆ ಹೋದ ಮೇಲೆ ನಾನು ಹಳೆಯ ಚೂಡಿದಾರ ಹಾಕಿ, ಓಢಣಿಯನ್ನು ಸೊಂಟಕ್ಕೆ ಬಿಗಿದು ಹೊರಡುತ್ತಿದ್ದೆ. ಮೊದಮೊದಲು ತೊಡೆ ಸೋತು ಮೆಟ್ಟಿಲು ಹತ್ತಲಾಗಲಿಲ್ಲ. ಕುಳಿತಲ್ಲಿಂದ ಎರಡೂ ಪಾದ ನೆಲಕ್ಕೆ ಊರಬೇಕೆಂಬ ಹೆದರಿಕೆಯಲ್ಲಿ ಸೀಟು ತೀರ ಕೆಳಗಿಳಿಸಿಕೊಂಡಿದ್ದೇ ಅದಕ್ಕೆ ಕಾರಣ. ದಿನಕ್ಕೊಂದು ಬೆರಳಷ್ಟು ಸೀಟು ಏರಿಸುತ್ತ ಹೋದೆ. ಐದನೆಯ ದಿನಕ್ಕೆ ಕಾಲು ಹಗುರಾಯಿತು. ಕುಸುಗಲ್ ರಸ್ತೆಯಿಂದ ಹೊಲದ ದಾರಿಗಿಳಿದಾಗ ಹಸಿ ಎರೆಮಣ್ಣು ಟೈರಿನ ಗಂಟುಗಳಿಗೆ ಅಂಟಿ, ಬ್ರೇಕಿನ ಕೆಳಗೆ ಉಂಡೆಯಾಗಿ ಗಾಲಿಯೇ ನಿಂತುಬಿಟ್ಟಿತು. ಆವತ್ತು ತೊಗರಿ ಕಡ್ಡಿಯಿಂದ ಮಣ್ಣು ಕೆರೆದು ಸೈಕಲ್ಲನ್ನು ಹೆಗಲಿಗೇರಿಸಿ ರಸ್ತೆಗೆ ತಂದೆ. ಅದೇ ಗಂಟುಗಳು ಒಣಗಿದ ಗರಸಿನ ಮೇಲೆ ನೆಲವನ್ನು ಹೇಗೆ ಕಚ್ಚಿ ಹಿಡಿಯುತ್ತವೆ ಎಂದು ದಿಬ್ಬ ಹತ್ತಿದಾಗ ತಿಳಿಯಿತು.

ಹಿಂದಿನ ಗಾಲಿಗೆ ಐದು ಹಲ್ಲಿನ ಚಕ್ರಗಳಿದ್ದವು. ಸುಣ್ಣದ ಗುರುತು ಹಾಕಿಕೊಂಡು ಎಣಿಸಿದೆ. ಎಲ್ಲಕ್ಕಿಂತ ಸಣ್ಣದಕ್ಕೆ ಹದಿನಾಲ್ಕು ಹಲ್ಲು, ದೊಡ್ಡದಕ್ಕೆ ಇಪ್ಪತ್ತೆಂಟು, ಸರಿಯಾಗಿ ಎರಡರಷ್ಟು. ಅಂದರೆ ದೊಡ್ಡದರಲ್ಲಿ ಅಷ್ಟೇ ದೂರಕ್ಕೆ ಕಾಲು ಎರಡು ಪಟ್ಟು ತಿರುಗಬೇಕು, ಆದರೆ ಭಾರ ಅರ್ಧ. ಈ ಲೆಕ್ಕವನ್ನು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರಿಗೆ ವಿವರಿಸಿದೆ. ಅವರು, "ಖರೇನ? ಹಂಗಾರ ಅರ್ಧಾ ರೊಟ್ಟಿ ಎರಡ ಸಲ ಹಾಕು," ಅಂದರು.

ಮಹಾನವಮಿ ಬಂತು. ಆಯುಧ ಪೂಜೆಯ ದಿನ ನಮ್ಮಲ್ಲಿ ಮನೆಯ ಕಬ್ಬಿಣವೆಲ್ಲ ತೊಳೆದು ಎಣ್ಣೆ ಕಾಣಬೇಕು: ಈಳಿಗೆ, ಕೊಡಲಿ, ಹೊಲಿಗೆ ಯಂತ್ರ, ಸ್ಕೂಟರು. ಅಕ್ಕೋರು ಕ್ರಿಶ್ಚಿಯನ್ನರು. ಅವರ ಸೈಕಲ್ಲಿಗೆ ಕುಂಕುಮ ಹಚ್ಚುವುದು ಸರಿಯೇ ಎಂದು ಯೋಚಿಸಿ ಹಚ್ಚಲಿಲ್ಲ. ಬರೀ ಚೆಂಡುಹೂವಿನ ಸಣ್ಣ ಮಾಲೆ ಹಾಕಿದೆ. ಆದರೆ ಹಬ್ಬದ ದಿನ ಅದೊಂದನ್ನೇ ಒಣ ಬಿಡಲು ಮನಸ್ಸಾಗಲಿಲ್ಲ. ಮಶೀನಿನ ಎಣ್ಣೆ ಹೊಲಿಗೆ ಯಂತ್ರಕ್ಕೇ ತೀರಿಹೋಗಿತ್ತು. ಅಡುಗೆಮನೆಯಲ್ಲಿ ಗಾಣದಿಂದ ತರಿಸಿದ ಹೊಸ ಕುಸುಬಿ ಎಣ್ಣೆ ಇತ್ತು, ತಿಳಿ ಬಂಗಾರದ ಬಣ್ಣ, ನಮ್ಮ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿರಲಿಲ್ಲ. ಒಗ್ಗರಣೆಗೆ ಹಾಕುವ ಹಾಗೆ ಧಾರಾಳವಾಗಿ ಚೈನಿಗೆ ಬಿಟ್ಟೆ. ಗೇರಿನ ಸಣ್ಣ ಗಾಲಿಗಳಿಗೆ ಬಿಟ್ಟೆ. ಗೇರಿನ ವಾಯರು ಕಪ್ಪು ನಳಿಕೆಯೊಳಗೆ ಹೋಗುವ ಬಾಯಿಗೂ ನಾಲ್ಕು ಹನಿ ಬಿಟ್ಟೆ.

ಹತ್ತು ಹನ್ನೆರಡು ದಿನ ಸೈಕಲ್ಲು ಹಾಲಿನಂತೆ ಓಡಿತು. ಆಮೇಲೆ ದೀಪಾವಳಿಗೆಂದು ಧಾರವಾಡದ ತವರುಮನೆಗೆ ಹೋದವಳು ಹದಿನೈದು ದಿನ ಅಲ್ಲೇ ಇದ್ದೆ. ಸೈಕಲ್ಲು ಬಿಸಿಲು ಬೀಳುವ ಪಡಸಾಲೆಯಲ್ಲಿ ನಿಂತಿತ್ತು.

ಬಂದು ನೋಡಿದರೆ ಪೆಡಲ್ಲು ಹಿಂದಕ್ಕೆ ತಿರುಗಿಸಿದಾಗ ಚೈನು ಸುಕ್ಕುಸುಕ್ಕಾಗಿ ಮಡಿಚಿಕೊಂಡು ಹಾಗೇ ನಿಂತಿತು. ಗೇರಿನ ಕಡ್ಡಿ ಅಲುಗಲಿಲ್ಲ. ಅದೇ ಸಂಜೆ ಅಕ್ಕೋರ ಕಾರ್ಡು ಬಂತು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ, ಕುಳಿತು ಕುಳಿತು ಮೊಣಕಾಲು ಹಿಡಿದಿವೆ, ಬಂದ ಸಂಜೆಯೇ ದಿಬ್ಬಕ್ಕೆ ಹೋಗುವುದು ಎಂದು ಬರೆದಿದ್ದರು. ಅಂದು ಮಂಗಳವಾರ. ತಪ್ಪು ಮಾಡಿದರೆ ಯಾರೂ ಕೇಳುವ ಮೊದಲೇ ಹೇಳಬೇಕು ಎಂದು ಕಾನ್ವೆಂಟಿನ ಸಿಸ್ಟರ್ ಹತ್ತು ವರ್ಷ ಕಲಿಸಿದ್ದರು. ನಾನು ಕೂಡಲೇ ಉತ್ತರ ಬರೆದೆ. ಓಣಿಯ ಸುದ್ದಿ, ನಲ್ಲಿ ನೀರಿನ ಸುದ್ದಿ, ಮಗಳ ಕೆಮ್ಮಿನ ಸುದ್ದಿ ಎಲ್ಲ ಬರೆದೆ. ಸೈಕಲ್ಲಿನ ಸುದ್ದಿ ಬರೆಯಲಿಲ್ಲ.

ಬುಧವಾರ ಮುಂಜಾನೆ ಸೈಕಲ್ಲು ನೂಕಿಕೊಂಡು ಸರ್ಕಲ್ಲಿನ ಆಚೆಯ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ನಲವತ್ತು ವರ್ಷದಿಂದ ಕರಿ ಸೈಕಲ್ ರಿಪೇರಿ ಮಾಡಿದವರು. ಚೈನನ್ನು ಒಂದು ಕಡೆ ಬೆರಳಿಂದ ಎತ್ತಿ ನೋಡಿದರು.

"ಏನ್ ಕುಡಿಸೀರಿ ಇದಕ್ಕ? ಚೈನ್ ಹೋಗಿ ಕೋಲ್ ಆಗೇತಿ."

"ಎಣ್ಣಿ ಹಾಕಿದ್ದೆರಿ," ಅಂದೆ. ಯಾವ ಎಣ್ಣೆ ಎಂದು ಹೇಳಲಿಲ್ಲ.

"ಈ ಗೇರು-ಗೀರು ನಮ್ಮೂರ ಧೂಳಿಗೆ ಅಲ್ರಿ. ತಗದ್ ಒಗದಬಿಡ್ತೇನಿ. ಚೈನ್ ಒಂಚೂರು ಕಡಿಮಿ ಮಾಡಿ ಒಂದ ಚಕ್ರಕ್ಕ ಕೂಡಿಸಿದ್ರ ಖಲಾಸ್. ಹತ್ತ ವರ್ಷ ಅಳ್ಳಾಡೂದಿಲ್ಲ."

ಅವರ ತಲೆಯ ಮೇಲೆ ಒಂದು ಮೊಳೆಗೆ ಹಾಗೆ ತೆಗೆದ ಮೂರು ಗೇರುಗಳು ನೇತಾಡುತ್ತಿದ್ದವು. ಮೂರಕ್ಕೂ ಜೇಡ ಬಲೆ ಕಟ್ಟಿತ್ತು.

"ಇದು ನಂದಲ್ರಿ ಚಾಚಾ, ಅಕ್ಕೋರದ್ದು."

"ಗೊತ್ತೈತ್ರಿ. ನನ್ನ ಮಗಳಿಗೆ ಖೋಖೋ ಕಲಿಸಿದವ್ರು. ಅದಕ್ಕ ಹೇಳಾಕತ್ತೇನಿ, ವಯಸ್ಸಾದವ್ರಿಗೆ ಐದೈದು ಗೇರ್ ಯಾಕ?"

ಅದೇ ಸುಲಭದ ದಾರಿಯಾಗಿತ್ತು. ಅರ್ಧ ಗಂಟೆಯ ಕೆಲಸ. ಆದರೆ ದಿಬ್ಬದ ಕೆಳಗೆ ಅಕ್ಕೋರು ಹ್ಯಾಂಡಲ್ಲಿನ ಕಡ್ಡಿಗಾಗಿ ಬೆರಳು ಚಾಚುವುದು, ಅಲ್ಲಿ ಏನೂ ಸಿಗದಿರುವುದು ಕಣ್ಣಿಗೆ ಕಟ್ಟಿತು.

"ಚೈನ್ ಅಷ್ಟ ಬಿಚ್ಚಿ ಕೊಡ್ರಿ. ಶುಕ್ರವಾರ ತರ್ತೇನಿ, ನೀವ ಹಾಕಿ ಕೊಡ್ರಿ."

"ಮನಿಗೊಯ್ದು ಸಾರ ಮಾಡ್ತೀರೇನು?" ಎಂದು ನಗುತ್ತ ಚಾಚಾ ಸುತ್ತಿಗೆ ಎತ್ತಿಕೊಂಡರು.

ಆ ದಿನವೆಲ್ಲ ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಹಲ್ಲಿನ ಬ್ರಶ್ಶಿನಿಂದ ತಿಕ್ಕಿದೆ. ಮಣ್ಣು ಹೋಯಿತು, ಬಿಗಿ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಪಲ್ಯಕ್ಕೆ ಎಣ್ಣೆ ಹಾಕಲು ಡಬ್ಬಿ ಎತ್ತಿದಾಗ ಅದರ ಕೊರಳಲ್ಲಿ ಕಂದುಬಣ್ಣದ ಅಂಟು ಹೆಬ್ಬೆರಳಿಗೆ ತಾಗಿತು. ವರ್ಷಗಟ್ಟಲೆ ತಾಗುತ್ತಲೇ ಇದ್ದ ಅಂಟು. ಕೈ ತಡೆಯಿತು. ಹಿತ್ತಲಿಗೆ ಹೋಗಿ ಚೈನನ್ನು ಅದೇ ಹೆಬ್ಬೆರಳಿಂದ ಮುಟ್ಟಿದೆ, ಉಗುರಿಂದ ಕೆರೆದು ಮೂಸಿದೆ. ಅದೇ ಅಂಟು, ಅದೇ ಹಳಸಿದ ಕುಸುಬಿಯ ವಾಸನೆ. ಧೂಳು ಅಲ್ಲ, ತುಕ್ಕು ಅಲ್ಲ. ಗಾಳಿ ಬಿಸಿಲಿಗೆ ಒಣಗಿ ವಾರ್ನಿಶ್ ಆಗುವ ಎಣ್ಣೆಯನ್ನು ಪೂಜೆಯ ಭಕ್ತಿಯಿಂದ ನಾನೇ ಕುಡಿಸಿದ್ದೆ. ನಾಚಿಕೆಯಾಯಿತು. ಅದರ ಜೊತೆಗೆ, ಹೇಳಬಾರದು, ಸಂತೋಷವೂ ಆಯಿತು. ಯಾಕೆಂದರೆ ಎಣ್ಣೆ ಡಬ್ಬಿಯ ಅಂಟು ತೆಗೆಯುವುದು ಹೇಗೆಂದು ಚಾಚಾಗೆ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತಿತ್ತು.

ಹಳೆಯ ಪಾತೇಲಿಯಲ್ಲಿ ನೀರು ಕಾಯಿಸಿ ಎರಡು ಮುಷ್ಟಿ ಬಟ್ಟೆ ಒಗೆಯುವ ಸೋಡಾ ಹಾಕಿ ಚೈನು ಬಿಟ್ಟೆ. ನೀರು ಚಹಾದ ಬಣ್ಣಕ್ಕೆ ತಿರುಗಿತು, ಆಮೇಲೆ ಕಾಫಿಯ ಬಣ್ಣಕ್ಕೆ. ಮೂರು ಸಲ ನೀರು ಬದಲಿಸಿದೆ. ಸಂಜೆ ಮನೆಯವರು ಬಂದು ಮುಚ್ಚಳ ತೆಗೆದು ಇಣುಕಿ, "ಇದು ನಾಳಿ ನನ್ನ ಡಬ್ಬಿಗೋ, ಅಕ್ಕೋರಿಗೋ?" ಅಂದರು. ಶುಕ್ರವಾರ ಬಿಸಿಲಿಗೆ ಒಣಗಿಸಿದ ಚೈನು ಕರಿಮಣಿ ಸರದಂತೆ ಬೆರಳಿಂದ ಬೆರಳಿಗೆ ಹರಿಯಿತು. ಗೇರಿನ ಸಣ್ಣ ಗಾಲಿಗಳ ಅಂಟನ್ನು ಹೇರ್‌ಪಿನ್ನಿನಿಂದ ಕೆರೆದೆ. ಈ ಸಲ ಹೊಲಿಗೆ ಯಂತ್ರದ ಎಣ್ಣೆಯನ್ನೇ ತಂದು, ಚೈನಿನ ಒಂದೊಂದು ಕೀಲಿಗೆ ಒಂದೊಂದೇ ಹನಿ ಬಿಟ್ಟು, ಹೊರಗಿನದನ್ನು ಅರಿವೆಯಿಂದ ಒರೆಸಿದೆ.

ಚಾಚಾ ಚೈನು ಹಾಕಿ ಹಿಂದಿನ ಗಾಲಿ ಎತ್ತಿದರು. ನಾನು ಕಡ್ಡಿ ಒತ್ತಿದೆ. ಬಿಗಿಯಾಗಿದ್ದರೂ ಸರಿಯಿತು. ಒಂದು, ಎರಡು, ಮೂರು, ನಾಲ್ಕು. ಎಲ್ಲಕ್ಕಿಂತ ದೊಡ್ಡ ಚಕ್ರಕ್ಕೆ ಮಾತ್ರ ಚೈನು ಹತ್ತಲೊಲ್ಲದು.

"ನಾಲ್ಕ ಸಾಕ ತೊಗೋರಿ," ಅಂದರು ಚಾಚಾ. ಆದರೆ ಗಾಲಿ ಕೆಳಗಿಡಲಿಲ್ಲ. ಚೈನು ಹತ್ತುವುದನ್ನೂ ಇಳಿಯುವುದನ್ನೂ ಕತ್ತು ಓರೆ ಮಾಡಿ ನೋಡುತ್ತ, "ಇನ್ನೊಮ್ಮೆ ಒತ್ತರಿ... ಇನ್ನೊಮ್ಮೆ," ಅನ್ನುತ್ತಿದ್ದರು.

ನಾಲ್ಕು ಸಾಕಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ದಿಬ್ಬದ ಕೊನೆಯ ಏರು ಬೇಡುವುದು ಆ ದೊಡ್ಡ ಚಕ್ರವನ್ನೇ.

ಶನಿವಾರ ಅಕ್ಕೋರು ಚೀಲ ಮಹಡಿಗೆ ಒಯ್ಯುವ ಮೊದಲೇ ಸೈಕಲ್ಲಿನ ಹತ್ತಿರ ಬಂದರು. ಚೈನಿನ ಮೇಲೆ ಬೆರಳಾಡಿಸಿ, "ಅಯ್ಯ, ಹೊಸಾದ ಇದ್ದಂಗ ಇಟ್ಟೀರಿ," ಅಂದರು. ಆ ಮೆಚ್ಚುಗೆಯನ್ನು ನನ್ನಿಂದ ನುಂಗಲಾಗಲಿಲ್ಲ. ಕುಸುಬಿ ಎಣ್ಣೆಯಿಂದ ಹಿಡಿದು ಪಾತೇಲಿಯವರೆಗೆ ನಿಂತಲ್ಲೇ ಎಲ್ಲ ಹೇಳಿದೆ. "ದೊಡ್ಡ ಚಕ್ರಕ್ಕ ಇನ್ನೂ ಹತ್ತವಲ್ದುರಿ."

ಅವರ ಮುಖದ ನಗು ಹೋಯಿತು.

"ಕಾರ್ಡಿನ್ಯಾಗ ಯಾಕ ಬರೀಲಿಲ್ಲ?"

"ಹೆದರಿಕಿ ಆತ್ರಿ."

"ನಾ ಏನ್ ಬಡೀತಿದ್ನೇನ್ರಿ?" ಅಂದರು. ಹ್ಯಾಂಡಲ್ ಹಿಡಿಯುತ್ತ, "ಚಾಚಾನ ಮಾತ ಕೇಳಿ ಗೇರ್ ತಗಸಿದ್ರ ಮಾತ್ರ ಖರೇ ಬಡೀತಿದ್ದೆ. ನಡೀರಿ ದಿಬ್ಬಕ್ಕ."

ಒಂದೇ ಸೈಕಲ್ಲು, ಇಬ್ಬರು. ಸರದಿಯ ಮೇಲೆ ಒಬ್ಬರು ತುಳಿದು ಒಬ್ಬರು ನಡೆದು ಹೋದೆವು. ದಿಬ್ಬದ ಬುಡದಲ್ಲಿ ಅವರು ಕಡ್ಡಿ ಒತ್ತಿದರು. ನಾಲ್ಕರಲ್ಲೇ ನಿಂತಿತು. ನಾನು ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತೆ. ಕಡ್ಡಿಯಿಂದ ಹೊರಟ ವಾಯರು ನಳಿಕೆಯೊಳಗೆ ಹೋಗಿ, ಫ್ರೇಮಿನ ಕೆಳಗಿನ ಪೈಪಿನ ಉದ್ದಕ್ಕೂ ನಳಿಕೆಯಿಲ್ಲದೆ ಹಾದು ಹಿಂದಕ್ಕೆ ಹೋಗುತ್ತಿತ್ತು. ಆ ತೆರೆದ ಕಡೆ ಎರಡು ಬೆರಳು ಹಾಕಿ ಎಳೆದು ನೋಡಬೇಕೆನಿಸಿತು.

"ಗಾಲಿ ಎತ್ತಿ ಪೆಡಲ್ ತಿರುವ್ರಿ ಅಕ್ಕೋರ."

ಅವರು ತಿರುಗಿಸಿದರು. ನಾನು ಎಳೆದೆ. ಚೈನು ಓರೆಯಾಗಿ, ತೂಗಿ, ಟಕ್ಕನೆ ದೊಡ್ಡ ಚಕ್ರಕ್ಕೆ ಹತ್ತಿತು. ಕೈ ಬಿಟ್ಟರೂ ಅಲ್ಲೇ ನಿಂತಿತು. ಕೆಟ್ಟಿದ್ದು ಗೇರಲ್ಲ. ನಳಿಕೆಯೊಳಗೆ ನಾನು ಬಿಟ್ಟ ನಾಲ್ಕು ಹನಿ ಎಣ್ಣೆ ವಾಯರನ್ನು ಹಿಡಿದುಕೊಂಡು ಕುಳಿತಿತ್ತು.

ಅಕ್ಕೋರು ಬಗ್ಗಿ ನನ್ನ ಬೆರಳು ಇದ್ದ ಜಾಗವನ್ನೇ ನೋಡಿದರು. "ಎರಡ ವರ್ಷ ಆತು, ಈ ವಾಯರ್ ಎಲ್ಲಿಂದ ಎಲ್ಲಿಗೆ ಹೋಗತೈತಿ ಅಂತ ನಾ ನೋಡೇ ಇಲ್ಲ," ಅಂದರು. ಮತ್ತೆ ಸೈಕಲ್ ಏರಿ, ಆ ಒಂದೇ ಗೇರಿನಲ್ಲಿ ಎಲ್ಲೂ ಇಳಿಯದೆ ದಿಬ್ಬ ಹತ್ತಿದರು. ನಾನು ಹಿಂದೆ ನಡೆದು ಹೋದೆ.

ಸೋಮವಾರ ಬೆಳಿಗ್ಗೆ ಶಾಲೆಗೆ ಇನ್ನೂ ಒಂದು ಗಂಟೆ ಇರುವಾಗ ಅವರು ಪ್ಲಾಯರ್ ಹಿಡಿದು ಮೆಟ್ಟಿಲಿಳಿದು ಬಂದರು. ನಾನು ಚಹಾಕ್ಕಿಡಲು ಎದ್ದೆ.

"ಚಹಾ ಆಮ್ಯಾಲ," ಎನ್ನುತ್ತ ಪ್ಲಾಯರನ್ನು ನನ್ನ ಕೈಗೆ ಕೊಟ್ಟು, ಸೀರೆ ಎತ್ತಿಕಟ್ಟಿ ಸೈಕಲ್ಲಿನ ಎದುರು ಕುಳಿತರು. "ಆ ವಾಯರ್ ನೀವ ಬಿಚ್ಚರಿ. ನಾ ನೋಡ್ತೇನಿ."