ಮೇಡಂ ತಮ್ಮ ತೋಳು ಚಾಚಿದ ಬೆಳಗು

ಹೋದ ವಾರ ತಂಗಿಯ ಆರು ತಿಂಗಳ ತಪಾಸಣೆಗೆ ಆಸ್ಪತ್ರೆಗೆ ಹೋಗಿದ್ದಾಗ, ಲ್ಯಾಬಿನ ಕಿಟಕಿಯಲ್ಲಿ ಹಸಿರು ಮುಚ್ಚಳದ ಮೂರು ಟ್ಯೂಬುಗಳು ಕಂಡವು. ಒಂದರ ಪಕ್ಕ ಒಂದು ನಿಂತಿದ್ದವು. ನೋಡಿದ ಕೂಡಲೇ ಎಂಟು ವರ್ಷದ ಹಿಂದಿನ ಒಂದು ಬೆಳಗು ನೆನಪಾಯಿತು. ಆಗ ಆ ಲ್ಯಾಬಿನಲ್ಲಿ ಒಬ್ಬರು ಮೇಡಂ ಇದ್ದರು...

ನಾನು ಕಾಮಾಕ್ಷಿಪಾಳ್ಯದಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸದಲ್ಲಿದ್ದೆ. ತಂಗಿ ಪಿಯುಸಿ ಓದುತ್ತಿದ್ದಳು. ಪೆಟ್ಟು ಬೀಳದೆಯೇ ಅವಳ ಮೈ ನೀಲಿಗಟ್ಟುತ್ತಿತ್ತು. ಮೂಳೆಯೊಳಗೆ ರಕ್ತ ತಯಾರಾಗುವುದೇ ನಿಲ್ಲುತ್ತಿದೆ ಎಂದರು ಡಾಕ್ಟರು. ನನ್ನ ಅಸ್ಥಿಮಜ್ಜೆ ಅವಳಿಗೆ ಹೊಂದುತ್ತಿತ್ತು. ಆದರೆ ಅದನ್ನು ಕೊಡುವ ಮೊದಲು ಅವಳಿಗೆ ಕಟುವಾದ ಔಷಧ ಹಾಕಬೇಕು. ಹುಟ್ಟಿನಿಂದಲೇ ಬರುವ ಒಂದು ಅಪರೂಪದ ಕಾಯಿಲೆ ಅವಳಿಗಿದ್ದರೆ, ಎಲ್ಲರಿಗೂ ಕೊಡುವ ಪ್ರಮಾಣವೇ ಅವಳ ಜೀವ ತೆಗೆಯಬಹುದು. ಅದು ನನ್ನಲ್ಲೂ ಅಡಗಿದ್ದರೆ ನನ್ನ ಮಜ್ಜೆಯಿಂದ ಉಪಯೋಗವಿಲ್ಲ. ಅದಕ್ಕೊಂದು ಪರೀಕ್ಷೆಯಿತ್ತು. ಇಬ್ಬರ ರಕ್ತವನ್ನೂ ತೆಗೆದು ಲ್ಯಾಬಿನಲ್ಲಿ ಬೆಳೆಸಿ, ಅದಕ್ಕೆ ಮೈಟೊಮೈಸಿನ್ ಎಂಬ ಔಷಧ ಹಾಕಿ, ಜೀವಕೋಶದೊಳಗಿನ ಕ್ರೋಮೋಸೋಮುಗಳು ಎಷ್ಟು ಒಡೆಯುತ್ತವೆ ಎಂದು ನೋಡುವುದು.

ಅದೂ ಆಂಟಿಬಯೋಟಿಕ್ಕೇ, ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕಿದ್ದು, ಆದರೆ ಜ್ವರಕ್ಕೆ ನುಂಗುವಂಥದ್ದಲ್ಲ ಎಂದರು ಮೇಡಂ. ಹಾಗಾದರೆ ರಕ್ತಕ್ಕೆ ಹಾಕುವುದೇಕೆ ಎಂದು ಕೇಳಿದೆ.

“ತಂತಿ ಸುತ್ತೋರಲ್ವಾ ನೀವು? ಪಕ್ಕಪಕ್ಕದ ಎರಡು ತಂತಿ ಬೆಸ್ಕೊಂಡ್ರೆ ಏನಾಗುತ್ತೆ?”

“ಮೋಟರೇ ಸುಟ್ಟೋಗುತ್ತೆ ಮೇಡಂ.”

“ಹಾಂ. ಈ ಔಷಧಿ ಒಳಗಿನ ಎರಡು ಎಳೆನ ಹಂಗೇ ಬೆಸೆದುಬಿಡುತ್ತೆ. ನಮ್ಮ ಕೋಶ ಬಿಡಿಸಿ ರಿಪೇರಿ ಮಾಡ್ಕೊಳುತ್ತೆ. ಆ ಕಾಯಿಲೆ ಇದ್ರೆ ರಿಪೇರಿ ಬರಲ್ಲ, ಒಡ್ದೋಗುತ್ತೆ.”

ಪಕ್ಕದಲ್ಲಿದ್ದ ಅವ್ವ ಎದ್ದು ತಂಗಿಯ ರಟ್ಟೆ ಹಿಡಿದಳು. ನಾವು ಗದಗದ ಕಡೆಯವರು. ಮೈಯಿಂದ ಬೇರೆಯಾದದ್ದೂ ಅವ್ವನ ಪಾಲಿಗೆ ಮೈಯೇ.

“ಉದುರಿದ ಕೂದ್ಲಾ, ಉಗುರಾ ಸುದ್ದಾ ಮಂದಿ ಕೈಗೆ ಸಿಗದಂಗ ಹುಗೀತೀವ್ರಿ ನಾವು. ರಕ್ತಕ್ಕ ವಿಷಾ ಹಾಕಿದ್ರ ನನ್ನ ಮಗಳು ಉಳೀತಾಳೇನ್ರಿ? ಏಳವಾ, ನಡಿ ಮನೀಗೆ.”

“ಅವ್ವಾ, ಎಲ್ಲಾರ ಮುಂದ ಮಾನಾ ಕಳೀಬ್ಯಾಡ,” ಎಂದಳು ತಂಗಿ.

ಮೇಡಂ ನಗಲಿಲ್ಲ, ವಾದಿಸಲೂ ಇಲ್ಲ. ಕೋಟಿನ ತೋಳು ಮೇಲೆ ಮಡಚಿ ಕುರ್ಚಿಯಲ್ಲಿ ಕೂತು, ಜೊತೆಯ ಸಿಸ್ಟರಿಗೆ ಸೂಜಿ ಕೊಟ್ಟರು. ಮೊಣಕೈಯ ಒಳಮಡಿಕೆಯಲ್ಲಿ ಹಳೆಯ ಚುಕ್ಕೆಗಳಿದ್ದವು. ರೋಗಿಯ ರಕ್ತದ ಜೊತೆ ಆರೋಗ್ಯವಂತರೊಬ್ಬರ ರಕ್ತವನ್ನೂ ಇಟ್ಟು ಹೋಲಿಸಬೇಕಂತೆ. ಅದಕ್ಕೆ ವರ್ಷಗಳಿಂದ ಅವರೇ ತೋಳು ಕೊಡುತ್ತಿದ್ದರು.

“ಅಮ್ಮಾ, ಇಲ್ನೋಡಿ. ಇದು ನಂದು. ಇದಕ್ಕೂ ಅದೇ ವಿಷ, ಅಷ್ಟೇ ಅಳತೆ. ಪ್ರತಿ ಸಲ ಹಾಕ್ತೀನಿ. ಗುಂಡುಕಲ್ಲಿನ ಥರ ಇದೀನಲ್ಲ?”

ಅವ್ವ ಆ ತೋಳನ್ನೇ ನೋಡುತ್ತ ನಿಂತಳು. “ನಿಮಗ ಮಕ್ಕಳದಾವೇನ್ರಿ?”

“ಒಬ್ಳಿದಾಳೆ. ಮಹಾ ತರ್ಲೆ.”

ಅವ್ವ ತಂಗಿಯ ರಟ್ಟೆ ಬಿಟ್ಟಳು.

ಕೆಲವು ದಿನಗಳ ನಂತರ ಮೇಡಂ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊದಲು ಅವರದು. ನೇರಳೆ ಬಣ್ಣದ ನಲವತ್ತಾರು ಪುಟ್ಟ ತುಂಡುಗಳು, ಎಲ್ಲ ಇಡಿಯಾಗಿದ್ದವು. ನನ್ನದೂ ಹಾಗೆಯೇ ಇತ್ತು. ಆಮೇಲೆ ತಂಗಿಯದು... ಅಲ್ಲಲ್ಲಿ ಕತ್ತರಿ ಆಡಿಸಿದಂತೆ ಒಡೆದಿದ್ದವು. ಒಡೆದ ತುದಿಗಳು ತಮ್ಮದಲ್ಲದ ತುಂಡಿಗೆ ಹೋಗಿ ಅಂಟಿಕೊಂಡು ನಾಲ್ಕು ಕೈ ಚಾಚಿದ್ದವು. ಅಳುವುದಕ್ಕಿಂತ ಮೊದಲು ಬೆರಗೇ ಬಂತೆಂದು ಹೇಳಲು ಈಗಲೂ ಸಂಕೋಚ. ನಾನು ಬೆಂಚಿನ ಮೇಲೆ ಕೂತು ಮೋಟರು ರಿಪೇರಿ ಮಾಡುವಾಗ, ನನ್ನೊಳಗೂ ಯಾರೂ ಕಲಿಸದ ಕೆಲಸಗಾರರು ತಂತಿ ಬಿಡಿಸಿ, ಕೂಡಿಸಿ, ಸದ್ದಿಲ್ಲದೆ ದುಡಿಯುತ್ತಿದ್ದರು. ನನ್ನ ತಂಗಿಯೊಳಗೆ ಮಾತ್ರ ಅವರಿರಲಿಲ್ಲ.

ಡಾಕ್ಟರು ಔಷಧದ ಪ್ರಮಾಣ ಬಹಳ ತಗ್ಗಿಸಿದರು. ನನ್ನ ಮಜ್ಜೆ ಅವಳಿಗೆ ಹಿಡಿಯಿತು. ಈಗ ಅವಳು ಕೆಂಗೇರಿ ಉಪನಗರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ರಕ್ತ ನೆಟ್ಟಗಾದರೂ ಉಳಿದ ಮೈಯಲ್ಲಿ ಕಾಯಿಲೆ ಇದ್ದೇ ಇದೆ. ಕ್ಯಾನ್ಸರ್ ತಲೆಯೆತ್ತಬಹುದೆಂಬ ಭಯ; ಅದಕ್ಕೇ ಆರು ತಿಂಗಳಿಗೊಮ್ಮೆ ಬಾಯಿ, ಗಂಟಲು ತೋರಿಸಲು ಹೋಗುವುದು. ಹೋದಾಗಲೆಲ್ಲ ಕಿಟಕಿಯಲ್ಲಿ ಇಣುಕಿ ಮೇಡಂಗೆ ಕೈ ಬೀಸಿ ಬರುತ್ತಿದ್ದೆವು.

“ಮೇಡಂ ಬಂದಿಲ್ವಾ?” ಎಂದು ಹೋದ ವಾರ ತಂಗಿ ಕೇಳಿದಳು.

“ಹೋಗ್ಬಿಟ್ರು ಅಕ್ಕಾ. ನಾಲ್ಕು ತಿಂಗಳಾಯ್ತು. ಹಾರ್ಟು,” ಎಂದರು ಒಳಗಿದ್ದ ಹೊಸ ಟೆಕ್ನಿಶಿಯನ್.

ಬಸ್ಸು ಹತ್ತಲು ಮನಸ್ಸಾಗದೆ ದೀಪಾಂಜಲಿ ನಗರದ ಮೆಟ್ರೋವರೆಗೂ ನಡೆದೆವು. ಮೈಸೂರು ರಸ್ತೆಯ ಗದ್ದಲದಲ್ಲಿ ತಂಗಿ ಒಂದೇ ಮಾತಾಡಿದ್ದು.

“ಅಣ್ಣಾ, ಅವರ ರಕ್ತ ಎಷ್ಟು ಮಂದಿ ರಕ್ತದ ಬಾಜೂಕ ಕುಂತಿತ್ತೋ ಏನೋ...”

ಅವರ ಕ್ರೋಮೋಸೋಮುಗಳನ್ನು ಕಣ್ಣಾರೆ ಕಂಡಿದ್ದೆ. ಎಂಟು ವರ್ಷದಲ್ಲಿ ಒಮ್ಮೆಯೂ ಹೆಸರು ಕೇಳಿರಲಿಲ್ಲ.